‘ಇಂಜೂರಿಯಸ್’: ಬಾಟಲಿಯ ಮೇಲೆ ಪರವಾನಗಿ, ಪನೀರಿನ ಮೇಲೆ ಆರೋಪ

ಮುಂಬಯಿಯ ಯಾವುದಾದರೂ ಪರ್ಮಿಟ್ ರೂಮಿನ, ಅಂದರೆ ಬಾರಿನ, ಕೌಂಟರಿನ ಹಿಂದಿರುವ ಬಾಟಲಿಯೊಂದನ್ನು ತಿರುಗಿಸಿ ನೋಡಿ. ‘ಕನ್ಸಂಪ್ಷನ್ ಆಫ್ ಆಲ್ಕೋಹಾಲ್ ಈಸ್ ಇಂಜೂರಿಯಸ್ ಟು ಹೆಲ್ತ್’ ಎಂದು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಆ ಸಾಲಿಲ್ಲದ ಬಾಟಲಿಯನ್ನು ಮಾರುವಂತಿಲ್ಲ. ಈಗ ಅದೇ ಹೋಟೆಲಿನ ಅಡುಗೆಮನೆಗೆ ಬನ್ನಿ. ಎಫ್‌ಡಿಎ, ಅಂದರೆ ಆಹಾರ ಮತ್ತು ಔಷಧ ಇಲಾಖೆಯವರು ಪನೀರಿನ ಸ್ಯಾಂಪಲ್ ಒಯ್ದರು, ಲ್ಯಾಬಿನ ವರದಿ ಬಂತು, ಅದರ ಕೊನೆಯಲ್ಲಿ ‘ಇಂಜೂರಿಯಸ್ ಟು ಹೆಲ್ತ್’ ಎಂದಿದೆ ಅಂದುಕೊಳ್ಳಿ. ಮಾಲಿಕರು ಆವತ್ತೇ ಕ್ರಿಮಿನಲ್ ವಕೀಲರನ್ನು ಹುಡುಕಿಕೊಂಡು ಹೊರಡಬೇಕು.

ಎರಡೂ ಕಡೆ ಇರುವುದು ಒಂದೇ ಗುಣವಾಚಕ, ಅದರ ಹಿಂದಿರುವುದೂ ಒಂದೇ ಕಾನೂನು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಆರೋಗ್ಯಕ್ಕೆ ಇಂಜೂರಿಯಸ್ ಆದ ಆಹಾರ ‘ಅನ್‌ಸೇಫ್’ (ಅಸುರಕ್ಷಿತ), ಅದನ್ನು ಮಾರುವುದು ಅಪರಾಧ. ಅದೇ ಕಾಯ್ದೆಯ ಅಡಿಯಲ್ಲಿ 2018ರಲ್ಲಿ ಬಂದ ಮದ್ಯದ ನಿಯಮಗಳು, ಇದು ಇಂಜೂರಿಯಸ್ ಎಂದು ಬರೆದು ಮಾರಿ ಎನ್ನುತ್ತವೆ. ಒಂದೆಡೆ ಮಾರುವುದಕ್ಕೆ ರಹದಾರಿ, ಇನ್ನೊಂದೆಡೆ ಮಾರಿದ್ದಕ್ಕೆ ಆರೋಪ. ಕನ್ನಡದಲ್ಲಿ ನಾವು ಎರಡಕ್ಕೂ ‘ಹಾನಿಕರ’ ಎಂದು ಬರೆದು ಮುಂದೆ ಹೋಗುತ್ತೇವೆ. ಮುಂಬಯಿ, ಪುಣೆ, ಗೋವೆಯಲ್ಲಿ ಹೋಟೆಲು ನಡೆಸುವ ಕನ್ನಡಿಗರಿಗೂ ಆ ಸುದ್ದಿಯನ್ನು ಕನ್ನಡದಲ್ಲಿ ಬರೆಯುವವರಿಗೂ ಈ ಪದದ ಒಳಗುಟ್ಟು ಗೊತ್ತಿರಬೇಕು.

ಪದದ ಬೇರು ಲ್ಯಾಟಿನ್ನಿನದು. ‘ಯೂಸ್’ ಅಂದರೆ ಹಕ್ಕು, ನ್ಯಾಯ. ಅದರ ಮೊದಲಿಗೆ ‘ಅಲ್ಲ’ ಎನ್ನುವ ‘ಇನ್’ ಸೇರಿದರೆ ‘ಇಂಜೂರಿಯಾ’, ಅಂದರೆ ಅನ್ಯಾಯ. ಗಾಯಕ್ಕೂ ರಕ್ತಕ್ಕೂ ಇದಕ್ಕೂ ಮೂಲದಲ್ಲಿ ಸಂಬಂಧವೇ ಇರಲಿಲ್ಲ. ಕಾನೂನಿನಲ್ಲಿ ಆ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಹಳೆಯ ದಂಡಸಂಹಿತೆಯ 44ನೇ ಸೆಕ್ಷನ್ನಿನ ಪ್ರಕಾರ ಒಬ್ಬನ ದೇಹಕ್ಕೆ, ಮನಸ್ಸಿಗೆ, ಮಾನಕ್ಕೆ ಅಥವಾ ಆಸ್ತಿಗೆ ಕಾನೂನುಬಾಹಿರವಾಗಿ ಮಾಡಿದ ಯಾವುದೇ ಕೇಡು ‘ಇಂಜುರಿ’. ಈಗಿನ ಭಾರತೀಯ ನ್ಯಾಯ ಸಂಹಿತೆಯೂ ಇದನ್ನು ಹಾಗೆಯೇ ಉಳಿಸಿಕೊಂಡಿದೆ. ಒತ್ತು ಇರುವುದು ‘ಕಾನೂನುಬಾಹಿರವಾಗಿ’ ಎಂಬ ಮಾತಿನ ಮೇಲೆ. ನಿಮ್ಮ ಇಡ್ಲಿ ಹೋಟೆಲಿನ ಎದುರು ಇನ್ನೊಬ್ಬರು ಇಡ್ಲಿ ಹೋಟೆಲು ತೆರೆದು ನಿಮ್ಮ ಗಲ್ಲಾ ಅರ್ಧಕ್ಕಿಳಿದರೆ ನಿಮಗೆ ನಷ್ಟವಂತೂ ಆಯಿತು, ಆದರೆ ಕಾನೂನಿನ ಕಣ್ಣಲ್ಲಿ ‘ಇಂಜುರಿ’ ಆಗಲಿಲ್ಲ. 1410ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ಎದುರಾಳಿ ಶಾಲೆ ತೆರೆದವನ ಮೇಲೆ ಹಳೆಯ ಶಾಲೆಯ ಮಾಸ್ತರರು ಹಾಕಿದ ದಾವೆ ಬಿದ್ದುಹೋದದ್ದು ಈ ತರ್ಕದ ಮೇಲೆಯೇ. ಮುಂಬಯಿಯ ಮಾಟುಂಗಾದಲ್ಲಿ ಈ ತರ್ಕ ಇಲ್ಲದಿದ್ದರೆ ಒಂದು ರಸ್ತೆಗೆ ಒಂದೇ ಉಡುಪಿ ಹೋಟೆಲು ಇರುತ್ತಿತ್ತು.

ಆರೋಗ್ಯದ ಮಾತಿಗೆ ಬಂದಾಗ ಇಂಜೂರಿಯಸ್‌ಗೆ ಕಾರ್ಯಕಾರಣದ ಅರ್ಥ ಬರುತ್ತದೆ: ತಿಂದವನ ಆರೋಗ್ಯವನ್ನು ಕೆಡಿಸುವಂಥದ್ದು. ವ್ಯಾಕರಣದ ಒಂದು ಸಣ್ಣ ಮಾತು. ಇಂಗ್ಲಿಷಿನಲ್ಲಿ ಇದರ ಜೊತೆಗೆ ಬರುವುದು ‘ಟು’, ‘ಫಾರ್’ ಅಲ್ಲ. ಬಾರಿನ ಗೋಡೆಗಳಲ್ಲಿ ‘ಇಂಜೂರಿಯಸ್ ಫಾರ್ ಹೆಲ್ತ್’ ಎಂದು ಬರೆಸಿದ ಬೋರ್ಡುಗಳು ಬೇಕಾದಷ್ಟು ಸಿಗುತ್ತವೆ, ಅವು ತಪ್ಪು. ಕನ್ನಡದಲ್ಲಿ ಚತುರ್ಥಿ ತಾನಾಗಿಯೇ ಬರುವುದರಿಂದ ‘ಆರೋಗ್ಯಕ್ಕೆ ಹಾನಿಕರ’ ಎಂದು ಬರೆಯುವಾಗ ಯಾರೂ ಎಡವುವುದಿಲ್ಲ.

ಎಡವುವುದು ಮರಾಠಿಯಿಂದ ಕನ್ನಡಕ್ಕೆ ಬರುವಾಗ. ಮಹಾರಾಷ್ಟ್ರದಲ್ಲಿ ಇಲಾಖೆಯ ಹೆಸರೇ ‘ಅನ್ನ ವ ಔಷಧ ಪ್ರಶಾಸನ’. ನಮ್ಮ ಕಿವಿಗೆ ಅನ್ನ ಅಂದರೆ ಬೇಯಿಸಿದ ಅಕ್ಕಿ, ಅವರಿಗೆ ಎಲ್ಲ ಆಹಾರವೂ ಅನ್ನ. ಅದರಿಂದೇನೂ ಅನಾಹುತವಿಲ್ಲ ಬಿಡಿ. ಆದರೆ ಇಂಜೂರಿಯಸ್‌ಗೆ ಅವರು ಬರೆಯುವ ‘ಅಪಾಯಕಾರಕ’ ಎಂಬ ಮಾತನ್ನು ನೋಡಿ. ಮರಾಠಿಯಲ್ಲಿ ಅಪಾಯವೆಂದರೆ ಆದ ಕೇಡು, ಇಜಾ. ಕನ್ನಡದಲ್ಲಿ ಅಪಾಯವೆಂದರೆ ಮುಂದೆ ಆಗಬಹುದಾದ ಗಂಡಾಂತರ. ಮರಾಠಿ ಪ್ರಕಟಣೆಯ ‘ಆರೋಗ್ಯಾಸ ಅಪಾಯಕಾರಕ’ ಎಂಬುದು ಕನ್ನಡ ಸುದ್ದಿಯಲ್ಲಿ ‘ಆರೋಗ್ಯಕ್ಕೆ ಅಪಾಯಕಾರಿ’ ಎಂದಾದ ಕ್ಷಣ ಇಂಜೂರಿಯಸ್ ಹೋಗಿ ಡೇಂಜರಸ್ ಬಂತು. ಇನ್ನು ಆ ಡೇಂಜರಸ್‌ಗೆ ಮರಾಠಿಯ ಮಾತು ‘ಧೋಕಾದಾಯಕ’. ನಮಗೆ ಧೋಕಾ ಅಂದರೆ ಮೋಸ. ಮಳೆಗಾಲಕ್ಕೆ ಮುಂಚೆ ಮುಂಬಯಿ ಮಹಾನಗರಪಾಲಿಕೆ ‘ಅತಿಧೋಕಾದಾಯಕ ಇಮಾರತಿ’ಗಳ ಪಟ್ಟಿ ಹೊರಡಿಸುತ್ತದೆ. ಊರಿಂದ ಹೊಸದಾಗಿ ಬಂದವರು ಗೇಟಿನ ಮೇಲಿನ ಬೋರ್ಡು ನೋಡಿ, ಇದು ಬಿಲ್ಡರ್ ಮೋಸ ಮಾಡಿದ ಕಟ್ಟಡವೆಂದು ತಿಳಿದರೆ ನಗುವ ಹಾಗಿಲ್ಲ. ಆ ಅರ್ಥವೂ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ.

ಈಗ ಕಾಯ್ದೆಯ ಒಳಗೆ ಹೋಗೋಣ. 3ನೇ ಸೆಕ್ಷನ್ನಿನ ವ್ಯಾಖ್ಯೆಗಳ ಕೊನೆಯಲ್ಲಿ, ‘ಝಡ್‌ಝಡ್’ ಅಕ್ಷರಗಳ ಅಡಿಯಲ್ಲಿ, ಅನ್‌ಸೇಫ್ ಆಹಾರದ ವ್ಯಾಖ್ಯೆ ಇದೆ. ಅದರ ಕಟ್ಟೋಣವನ್ನು ಗಮನಿಸಬೇಕು. ಆರೋಗ್ಯಕ್ಕೆ ಇಂಜೂರಿಯಸ್ ಆಗುವಷ್ಟರ ಮಟ್ಟಿಗೆ ಸ್ವರೂಪ, ಸತ್ವ ಅಥವಾ ಗುಣ ಕೆಟ್ಟಿರುವ ಆಹಾರ ಎಂದು ಮೊದಲು ಹೇಳಿ, ಆಮೇಲೆ ಅದು ಹೇಗೆಲ್ಲ ಕೆಡಬಹುದು ಎಂಬ ಹನ್ನೆರಡು ದಾರಿಗಳನ್ನು ಪಟ್ಟಿ ಮಾಡಿದೆ. ವಿಷ ಸೇರುವುದು, ಕೊಳೆಯುವುದು, ಅಗ್ಗದ ಪದಾರ್ಥವನ್ನು ಬದಲಿಗೆ ಹಾಕುವುದು, ಅನುಮತಿ ಇಲ್ಲದ್ದನ್ನು ಬೆರೆಸುವುದು, ಇರಬೇಕಾದ ಅಂಶವನ್ನು ತೆಗೆದುಬಿಡುವುದು, ಆ ಪದಾರ್ಥಕ್ಕೆ ಹೇಳಿರದ ಬಣ್ಣ ಹಾಕುವುದು, ಹುಳ ಬೀಳುವುದು, ಕೊಳಕು ಜಾಗದಲ್ಲಿ ಇಡುವುದು, ಕೀಟನಾಶಕ ಮಿತಿ ಮೀರುವುದು, ಹೀಗೆ. ಹನ್ನೊಂದನೆಯದು ಎಲ್ಲಕ್ಕಿಂತ ಸ್ವಾರಸ್ಯದ್ದು: ಮಿಸ್‌ಬ್ರಾಂಡ್ ಆಗಿರುವುದು, ಸಬ್‌ಸ್ಟ್ಯಾಂಡರ್ಡ್ ಆಗಿರುವುದು ಅಥವಾ ಹೊರಗಿನ ವಸ್ತು ಸೇರಿರುವುದು.

ಹಾಗಾದರೆ ಲೇಬಲಿನಲ್ಲಿ ತಪ್ಪಿದ್ದರೂ ಅನ್‌ಸೇಫ್, ಒಂದು ಕೂದಲು ಬಿದ್ದರೂ ಅನ್‌ಸೇಫ್ ಆಗಿಬಿಡುತ್ತದೆಯೇ? ಪಟ್ಟಿಯನ್ನು ಮಾತ್ರ ಓದಿದವರಿಗೆ ಹಾಗೆಯೇ ಕಾಣುತ್ತದೆ, ಕೆಲವು ವರದಿಗಳನ್ನು ನೋಡಿದರೆ ಬರೆದವರೂ ಪಟ್ಟಿಯನ್ನಷ್ಟೇ ಓದಿದ್ದಾರೆ ಎನಿಸುತ್ತದೆ. ಆದರೆ ಹನ್ನೆರಡೂ ದಾರಿಗಳು ತಲೆಯ ಮೇಲಿನ ವಾಕ್ಯಕ್ಕೆ ಕಟ್ಟುಬಿದ್ದಿವೆ. ಆ ದಾರಿಯಿಂದ ಕೆಟ್ಟು ಆರೋಗ್ಯಕ್ಕೆ ಇಂಜೂರಿಯಸ್ ಆಗಿರಬೇಕು. ಇದಕ್ಕೆ ಪಕ್ಕದ ವ್ಯಾಖ್ಯೆಯೇ ಸಾಕ್ಷಿ. ‘ಝಡ್‌ಎಕ್ಸ್’ ಪ್ರಕಾರ, ನಿಗದಿತ ಗುಣಮಟ್ಟ ಮುಟ್ಟದಿದ್ದರೂ ಅನ್‌ಸೇಫ್ ಆಗುವ ಮಟ್ಟಕ್ಕೆ ಹೋಗದಿರುವ ಆಹಾರ ಸಬ್‌ಸ್ಟ್ಯಾಂಡರ್ಡ್. ಬಾಗಿಲು ಎರಡು, ನಡುವಿನ ಬಿಜಾಗರಿ ಒಂದೇ ಗುಣವಾಚಕ.

ಆ ಬಿಜಾಗರಿ ಯಾವ ಕಡೆ ತಿರುಗಿತು ಎಂಬುದರ ಮೇಲೆ ಮುಂದಿನ ಎಲ್ಲ ನಿಂತಿದೆ. ಸಬ್‌ಸ್ಟ್ಯಾಂಡರ್ಡ್ ಆದರೆ 51ನೇ ಸೆಕ್ಷನ್: 5 ಲಕ್ಷ ರೂಪಾಯಿವರೆಗೆ ದಂಡ, ಜೈಲಿಲ್ಲ, ನ್ಯಾಯನಿರ್ಣಯಾಧಿಕಾರಿಯ ಮುಂದೆ ವಿಚಾರಣೆ. ಮಿಸ್‌ಬ್ರಾಂಡ್ ಆದರೆ 52ನೇ ಸೆಕ್ಷನ್: 3 ಲಕ್ಷದವರೆಗೆ ದಂಡ. ಅನ್‌ಸೇಫ್ ಆದರೆ 59ನೇ ಸೆಕ್ಷನ್, ಅದು ಕ್ರಿಮಿನಲ್ ಕೋರ್ಟು. ಯಾರಿಗೂ ಏನೂ ಆಗದಿದ್ದರೂ ಜೈಲುಶಿಕ್ಷೆಗೆ ಅವಕಾಶವಿದೆ. ಮೊದಲು 6 ತಿಂಗಳವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದ್ದದ್ದನ್ನು 2023ರ ಜನವಿಶ್ವಾಸ ಕಾಯ್ದೆ 3 ತಿಂಗಳು, 3 ಲಕ್ಷ ಎಂದು ಬದಲಿಸಿತು. ತಿಂದವರಿಗೆ ಸಾಧಾರಣ ತೊಂದರೆಯಾದರೆ 1 ವರ್ಷ ಮತ್ತು 3 ಲಕ್ಷದವರೆಗೆ, ‘ಗ್ರೀವಸ್’ ಅಂದರೆ ತೀವ್ರ ಸ್ವರೂಪದ್ದಾದರೆ 6 ವರ್ಷ ಮತ್ತು 5 ಲಕ್ಷದವರೆಗೆ, ಸಾವು ಸಂಭವಿಸಿದರೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಜೈಲು ಮತ್ತು 10 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಮೆಟ್ಟಿಲುಗಳನ್ನೂ ಗುಣವಾಚಕಗಳೇ ಕಟ್ಟಿವೆ ನೋಡಿ.

ಹಿಂದೆ ಹೀಗಿರಲಿಲ್ಲ. 1954ರ ಕಲಬೆರಕೆ ತಡೆ ಕಾಯ್ದೆಯಲ್ಲಿ ಗುಣಮಟ್ಟ ತಪ್ಪಿ ಇಂಜೂರಿಯಸ್ ಆದದ್ದೂ ಕಲಬೆರಕೆ, ಗುಣಮಟ್ಟ ತಪ್ಪಿಯೂ ಇಂಜೂರಿಯಸ್ ಆಗದೇ ಇದ್ದದ್ದೂ ಕಲಬೆರಕೆ. ಹಾಲಿನಲ್ಲಿ ಕೊಬ್ಬು ಸ್ವಲ್ಪ ಕಡಿಮೆ ಬಂದವನೂ ವಿಷ ಬೆರೆಸಿದವನೂ ಒಂದೇ ಹೆಸರಿನ ಅಪರಾಧಕ್ಕೆ ಕಟಕಟೆ ಹತ್ತುತ್ತಿದ್ದರು. ಹಳೆಯ ಹೋಟೆಲಿಗರ ಬಾಯಲ್ಲಿ ಇಂದಿಗೂ ಎಲ್ಲ ಕೇಸೂ ‘ಕಲಬೆರಕೆ ಕೇಸು’ ಆಗಿರುವುದು ಆ ಕಾಲದ ಉಳಿಕೆ. ಈಗಿನ ಕಾಯ್ದೆಯಲ್ಲಿ ಆ ಮಾತಿಗೆ ಮೊದಲಿನ ಭಾರವಿಲ್ಲ, ಅದನ್ನು ಬಿಟ್ಟು ಮಾತಾಡಲು ಕಲಿಯುವುದು ಒಳ್ಳೆಯದು.

ಪನೀರನ್ನೇ ಹತ್ತಿರದಿಂದ ನೋಡೋಣ, ಏಕೆಂದರೆ ಮಹಾರಾಷ್ಟ್ರದಲ್ಲಿ ಸದ್ಯ ಎಲ್ಲರ ಬಾಯಲ್ಲಿರುವುದು ‘ನಕಲಿ ಪನೀರ್’. ನಿಯಮದ ಪ್ರಕಾರ ಪನೀರಿನಲ್ಲಿ ತೇವಾಂಶ ಶೇ. 60ಕ್ಕಿಂತ ಹೆಚ್ಚಿರಬಾರದು, ನೀರನ್ನು ಬಿಟ್ಟು ಉಳಿದ ಒಣ ಅಂಶದಲ್ಲಿ ಕನಿಷ್ಠ ಶೇ. 50 ಹಾಲಿನ ಕೊಬ್ಬು ಇರಬೇಕು. ಜನ ನಕಲಿ ಎನ್ನುವ ‘ಅನಲಾಗ್’ ಎಂಬುದು ಹಾಲಿನ ಪುಡಿಗೆ ತಾಳೆ ಎಣ್ಣೆಯಂಥ ಸಸ್ಯದ ಕೊಬ್ಬು ಸೇರಿಸಿ ಒಡೆಸಿದ ಗಡ್ಡೆ. ಕೆಲವರು ಪಿಷ್ಟವನ್ನೂ ಸೇರಿಸುತ್ತಾರೆ. ಲ್ಯಾಬಿನವರು ಕೊಬ್ಬನ್ನು ಬೇರ್ಪಡಿಸಿ ಅದರ ವಕ್ರೀಭವನದ ಅಂಕಿ ನೋಡುತ್ತಾರೆ, ಬೀಟಾ-ಸಿಟೋಸ್ಟೆರಾಲ್ ಇದೆಯೇ ಎಂದು ಹುಡುಕುತ್ತಾರೆ. ಅದು ಸಸ್ಯಗಳ ಸ್ಟೆರಾಲ್. ಸಿಕ್ಕಿತೆಂದರೆ ಹೊರಗಿನ ಕೊಬ್ಬು ಸೇರಿದೆ ಎಂದು ಅರ್ಥ.

ಇಲ್ಲಿಯವರೆಗೆ ಸಾಬೀತಾದದ್ದು ‘ಇದು ಪನೀರ್ ಅಲ್ಲ’ ಎಂಬುದು ಮಾತ್ರ. ಇದು ಹಾನಿಕರ ಎಂಬುದು ಇನ್ನೂ ಸಾಬೀತಾಗಿಲ್ಲ. ಲೈಸೆನ್ಸಿರುವ ಕಾರ್ಖಾನೆಯಲ್ಲಿ ಮಾಡಿ, ಅನಲಾಗ್ ಎಂದು ಲೇಬಲಿನ ಮೇಲೆ ಬರೆದು ಮಾರುವುದು ಕಾನೂನುಬದ್ಧ ವ್ಯಾಪಾರ. ತಪ್ಪು ಆರಂಭವಾಗುವುದು ಮೆನು ಕಾರ್ಡಿನಲ್ಲಿ, ಅದನ್ನೇ ‘ಪನೀರ್ ಬಟರ್ ಮಸಾಲಾ’ ಎಂದು ಬರೆದು ಪನೀರಿನ ದುಡ್ಡು ತೆಗೆದುಕೊಂಡಾಗ. ಅದು ಶುದ್ಧ ಮೋಸ, ನಮ್ಮ ಅರ್ಥದ ಧೋಕಾ. ಪನೀರ್ ಎಂದು ಮಾರಿದ ಸ್ಯಾಂಪಲ್ ಪರೀಕ್ಷೆಯಲ್ಲಿ ಬಿದ್ದದ್ದರಿಂದ ಸಬ್‌ಸ್ಟ್ಯಾಂಡರ್ಡ್ ಎನಿಸಿಕೊಳ್ಳುತ್ತದೆ, ದಂಡ ಬೀಳುತ್ತದೆ, ಬೀಳಲೇಬೇಕು. ಆದರೆ ಲ್ಯಾಬಿನ ಅನಲಿಸ್ಟ್, ಅನ್‌ಸೇಫ್ ವ್ಯಾಖ್ಯೆಯ ನಾಲ್ಕನೇ ದಾರಿ, ಅಂದರೆ ಅಗ್ಗದ ಪದಾರ್ಥದ ಬದಲಿಕೆಯನ್ನು ಹಿಡಿದು ‘ಅನ್‌ಸೇಫ್’ ಎಂದು ಬರೆದರೆ ಪ್ರಶ್ನೆ ಏಳುತ್ತದೆ: ಬದಲಾಗಿದ್ದು ನಿಜ, ಅದರಿಂದ ತಿಂದವನ ಆರೋಗ್ಯಕ್ಕೆ ಕೇಡು ಹೇಗೆ? ತಾಳೆ ಎಣ್ಣೆ ಅಂಗಡಿಯಲ್ಲಿ ಸಿಗುವ ಖಾದ್ಯತೈಲ. ಬೇರೆ ಏನು ಸಿಕ್ಕಿತು ಎಂಬುದನ್ನು ವರದಿ ಹೇಳಬೇಕು. ಒಡೆಸಲು ಖಾದ್ಯದರ್ಜೆಯದಲ್ಲದ ಆಮ್ಲ ಬಳಸಿದ್ದರೆ, ನೊರೆ ಬರಿಸಲು ಡಿಟರ್ಜೆಂಟ್ ಸೇರಿದ್ದರೆ, ಅಲ್ಲಿಗೆ ಇಂಜೂರಿಯಸ್ ಎಂಬ ಮಾತಿಗೆ ಕಾಲು ಬಂತು.

ಮೊಬೈಲಿನ ವಿಡಿಯೋಗಳಲ್ಲಿ ಪನೀರಿನ ಮೇಲೆ ಅಯೋಡಿನ್ ಹನಿಸಿ, ನೀಲಿಯಾದ ಕೂಡಲೇ ‘ವಿಷ’ ಎಂದು ಕೂಗುವವರಿದ್ದಾರೆ. ಅಯೋಡಿನ್ ತೋರಿಸುವುದು ಪಿಷ್ಟವನ್ನು. ಪಿಷ್ಟ ವಿಷವಾದರೆ ಮೊದಲು ಇಡ್ಲಿಯನ್ನು ನಿಷೇಧಿಸಬೇಕು. ತಮಾಷೆಯೆಂದರೆ ಮುಂಬಯಿಯ ಹವೆಯಲ್ಲಿ ನಿಜವಾಗಿ ಕಾಯಿಲೆ ತರಬಲ್ಲದ್ದು ಎಷ್ಟೋ ಸಲ ಅಪ್ಪಟ ಹಾಲಿನ ಪನೀರೇ. ಬೆಳಿಗ್ಗೆ ಹತ್ತಕ್ಕೆ ಬಂದ ಗಡ್ಡೆ ನೀರು ತುಂಬಿದ ಬಕೆಟ್ಟಿನಲ್ಲಿ ಭಟ್ಟಿಯ ಪಕ್ಕ ಮಧ್ಯಾಹ್ನದವರೆಗೆ ಕೂತಿರುತ್ತದೆ, ಕೈಯಲ್ಲಿ ಗಾಯವಿರುವ ಹುಡುಗ ಅದನ್ನು ಕತ್ತರಿಸುತ್ತಾನೆ. ಆ ಗಾಯದ ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾ ಪನೀರಿನಲ್ಲಿ ಬೆಳೆದು ವಿಷ ಉಗುಳುತ್ತದೆ. ಆಮೇಲೆ ಗ್ರೇವಿಯಲ್ಲಿ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಸಾಯುವುದಿಲ್ಲ. ತಿಂದ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ. ತಣ್ಣಗಿರಬೇಕಾದದ್ದು 5 ಡಿಗ್ರಿಗಿಂತ ಕೆಳಗೆ, ಬಿಸಿಯಾಗಿರಬೇಕಾದದ್ದು 60 ಡಿಗ್ರಿಗಿಂತ ಮೇಲೆ ಎಂಬ ನಿಯಮ ಇರುವುದು ಇದಕ್ಕಾಗಿಯೇ. ಕೊಬ್ಬಿನ ಪರೀಕ್ಷೆಯಲ್ಲಿ ಈ ಪನೀರ್ ಪಾಸಾಗುತ್ತದೆ. ಶುದ್ಧ ಎಂಬ ಗುಣವಾಚಕ ಬೇರೆ, ಸುರಕ್ಷಿತ ಎಂಬುದು ಬೇರೆ. ಗ್ರಾಹಕರ ಸಿಟ್ಟು ಮೊದಲನೆಯದರ ಮೇಲೆ, ಹೊಟ್ಟೆನೋವು ಎರಡನೆಯದರಿಂದ.

ಕರಿಯುವ ಎಣ್ಣೆಯ ವಿಷಯದಲ್ಲಿ ಇಷ್ಟು ಗೊಂದಲವಿಲ್ಲ, ಅಲ್ಲಿ ಅಂಕಿಯೇ ಗೆರೆ ಎಳೆದಿದೆ. 2018ರ ಜುಲೈ 1ರಿಂದ ಎಣ್ಣೆಯಲ್ಲಿ ಮತ್ತೆ ಮತ್ತೆ ಕಾಯಿಸಿದಾಗ ಹುಟ್ಟುವ ಒಟ್ಟು ಧ್ರುವೀಯ ಸಂಯುಕ್ತಗಳು, ಹೋಟೆಲಿನವರ ಭಾಷೆಯಲ್ಲಿ ಟಿಪಿಸಿ, ಶೇ. 25 ದಾಟಿದರೆ ಆ ಎಣ್ಣೆಯನ್ನು ಬಳಸುವಂತಿಲ್ಲ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಲೆಕ್ಕವನ್ನೂ ಇಡಬೇಕು. ವಡಾಪಾವ್ ಕಟ್ಟಿಕೊಡುವ ಹಳೇ ಪೇಪರಿನದ್ದೂ ಹಾಗೆಯೇ: 2019ರ ಜುಲೈಯಿಂದ ಆಹಾರವನ್ನು ಪತ್ರಿಕೆಯಲ್ಲಿ ಸುತ್ತುವುದು ನಿಷಿದ್ಧ, ಶಾಯಿಯ ರಾಸಾಯನಿಕಗಳು ಬಿಸಿ ಎಣ್ಣೆಗೆ ಇಳಿಯುತ್ತವೆ ಎಂಬ ಕಾರಣಕ್ಕೆ.

ಬಣ್ಣದ ವಿಷಯ ಮತ್ತೆ ಜಟಿಲ. 2024ರ ಆರಂಭದಲ್ಲಿ ಗೋವೆಯ ಮಾಪುಸಾ ಪುರಸಭೆ ಗೋಬಿ ಮಂಚೂರಿಯನ್ನಿನ ಗಾಡಿಗಳನ್ನು ನಿಷೇಧಿಸಿತು. ಅದಕ್ಕೆ ಮುಂಚೆ, 2022ರಲ್ಲಿ ವಾಸ್ಕೋದ ದಾಮೋದರ ಸಪ್ತಾಹದ ಜಾತ್ರೆಯಲ್ಲೂ ಅದಕ್ಕೆ ಕಡಿವಾಣ ಬಿದ್ದಿತ್ತು. 2024ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಗೋಬಿಯಲ್ಲಿ ಕೃತಕ ಬಣ್ಣವನ್ನೂ ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿಯನ್ನೂ ನಿಷೇಧಿಸಿತು. ಆಗ ತೆಗೆದ 171 ಗೋಬಿ ಸ್ಯಾಂಪಲುಗಳಲ್ಲಿ 107ರಲ್ಲಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಸಿನ್‌ನಂಥ ಬಣ್ಣ ಸಿಕ್ಕಿತ್ತು. ಮಂಚೂರಿಯನ್ ಎಂಬ ಅಡುಗೆ 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಕೋಳಿಯ ರೂಪದಲ್ಲಿ ಹುಟ್ಟಿದ್ದೆಂಬ ಮಾತು ಪ್ರಚಲಿತ. ಆ ಕೋಳಿ ಹೂಕೋಸಾಗಿ ಕನ್ನಡನಾಡಿನ ಬೀದಿಬೀದಿಗೆ ಬಂದಾಗ ಜೊತೆಗೆ ಕೆಂಪು ಪುಡಿಯೂ ಬಂತು.

ಈ ಎರಡು ಬಣ್ಣಗಳನ್ನು ಒಂದೇ ‘ಹಾನಿಕರ’ದಲ್ಲಿ ಕಟ್ಟುವುದು ಸರಿಯಲ್ಲ. ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ, ಯಾವ ಆಹಾರಕ್ಕೂ ಅನುಮತಿ ಇಲ್ಲ. ಟಾರ್ಟ್ರಜೀನ್ ಹಾಗಲ್ಲ. ಅನುಮತಿ ಇರುವ ಎಂಟು ಕೃತಕ ಬಣ್ಣಗಳಲ್ಲಿ ಅದೂ ಒಂದು, ಕೆಲವು ಸಿಹಿತಿಂಡಿ, ಐಸ್‌ಕ್ರೀಮುಗಳಲ್ಲಿ ದಶಲಕ್ಷಕ್ಕೆ 100 ಭಾಗದವರೆಗೆ (100 ಪಿಪಿಎಂ) ಹಾಕಬಹುದು. ಗೋಬಿಗೆ ಹಾಕುವಂತಿಲ್ಲ. ಅಂದರೆ ಪಕ್ಕದ ಐಸ್‌ಕ್ರೀಮಿನಲ್ಲಿ ಸಕ್ರಮವಾದ ಪುಡಿ ಗೋಬಿಯ ತಟ್ಟೆಗೆ ಬಂದ ಕೂಡಲೇ ಅಕ್ರಮ. ಅಣು ಬದಲಾಗಲಿಲ್ಲ, ಜಾಗ ಬದಲಾಯಿತು. ವ್ಯಾಪಾರಿಗೆ ಇದು ಅನ್ಯಾಯವಾಗಿ ಕಂಡರೂ ಹಿಂದೆ ಲೆಕ್ಕವಿದೆ. ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಬಣ್ಣ ತಿನ್ನಬಹುದು ಎಂದು ಗೊತ್ತು ಮಾಡಿ ಅದನ್ನು ಕೆಲವೇ ತಿಂಡಿಗಳಿಗೆ ಹಂಚಿರುತ್ತಾರೆ, ಊಟದ ಪದಾರ್ಥಕ್ಕೂ ಬಣ್ಣ ಬಂದರೆ ಆ ಲೆಕ್ಕ ತಪ್ಪುತ್ತದೆ. ಇನ್ನು ಗಾಡಿಯವನು ತಕ್ಕಡಿಯಲ್ಲಿ ತೂಗಿ ಹಾಕುವುದಿಲ್ಲ, ಚಿಟಿಕೆಯಲ್ಲಿ ಹಾಕುತ್ತಾನೆ. ಒಂದು ಕಿಲೋ ಹಿಟ್ಟಿಗೆ 100 ಪಿಪಿಎಂ ಎಂದರೆ ಒಂದು ಗ್ರಾಮಿನ ಹತ್ತನೇ ಒಂದು ಪಾಲು. ಒಂದು ದೊಡ್ಡ ಚಿಟಿಕೆ ಅದರ ಕೆಲವು ಪಟ್ಟಾದರೂ ಇರುತ್ತದೆ. ಕಾಶ್ಮೀರಿ ಅಥವಾ ಬ್ಯಾಡಗಿ ಮೆಣಸಿನ ಪುಡಿಯಲ್ಲಿ ಆ ಕೆಂಪು ಬರುತ್ತದೆ, ಖರ್ಚು ಸ್ವಲ್ಪ ಹೆಚ್ಚು, ಅಷ್ಟೇ.

‘ಹಜಾರ್ಡಸ್’ ಎಂಬ ಇನ್ನೊಂದು ಪದವನ್ನೂ ಇಂಜೂರಿಯಸ್ ಜಾಗದಲ್ಲಿ ತೂರಿಸುವ ರೂಢಿ ಇದೆ. ಕಾಯ್ದೆಯಲ್ಲೇ ಎರಡನ್ನೂ ಬೇರೆ ಮಾಡಿದೆ. ಹಜಾರ್ಡ್ ಎಂದರೆ ಆಹಾರದಲ್ಲಿರುವ, ಕೇಡು ಮಾಡುವ ಶಕ್ತಿಯುಳ್ಳ ಜೈವಿಕ, ರಾಸಾಯನಿಕ ಅಥವಾ ಭೌತಿಕ ಅಂಶ. ರಿಸ್ಕ್ ಎಂದರೆ ಆ ಕೇಡು ಆಗುವ ಸಂಭವ ಎಷ್ಟು, ಆದರೆ ಎಷ್ಟು ತೀವ್ರ ಎಂಬ ಅಳತೆ. ಮೀನಿನ ಮುಳ್ಳು ಹಜಾರ್ಡ್. ದೊಡ್ಡವರಿಗೆ ಬಂಗುಡೆ ಸಾರು ಬಡಿಸಿದರೆ ರಿಸ್ಕ್ ಕಡಿಮೆ, ಎರಡು ವರ್ಷದ ಮಗುವಿಗೆ ಬಡಿಸಿದರೆ ಹೆಚ್ಚು. ಹಾಗೆಂದು ಬಂಗುಡೆಯನ್ನು ಯಾರೂ ಇಂಜೂರಿಯಸ್ ಅನ್ನುವುದಿಲ್ಲ.

ಈ ಪದಗಳ ತೂಕ ಇಡೀ ದೇಶಕ್ಕೆ ಕಂಡದ್ದು 2015ರ ಮ್ಯಾಗಿ ಪ್ರಕರಣದಲ್ಲಿ, ತೀರ್ಪು ಬಂದದ್ದು ನಮ್ಮ ಬಾಂಬೆ ಹೈಕೋರ್ಟಿನಲ್ಲೇ. ಸೀಸದ ಮಿತಿ 2.5 ಪಿಪಿಎಂ, ಉತ್ತರ ಪ್ರದೇಶದ ಒಂದು ಸ್ಯಾಂಪಲಿನಲ್ಲಿ 17ಕ್ಕೂ ಮಿಕ್ಕಿ ಬಂದಿತ್ತು. ಆ ವರ್ಷದ ಜೂನ್ 5ರಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಮ್ಯಾಗಿಯ ಒಂಬತ್ತು ಬಗೆಗಳನ್ನೂ ‘ಅನ್‌ಸೇಫ್ ಮತ್ತು ಹಜಾರ್ಡಸ್’ ಎಂದು ಕರೆದು ನಿಷೇಧಿಸಿತು, ಮರುದಿನ ಮಹಾರಾಷ್ಟ್ರವೂ ಆದೇಶ ಹೊರಡಿಸಿತು. ಆಗಸ್ಟ್ 13ರಂದು ಹೈಕೋರ್ಟು ಎರಡನ್ನೂ ರದ್ದು ಮಾಡಿತು. ಮ್ಯಾಗಿ ಆರೋಗ್ಯಕ್ಕೆ ಒಳ್ಳೆಯದು ಎಂದು ಕೋರ್ಟು ಹೇಳಲಿಲ್ಲ, ಜನ ಹಾಗೆ ತಿಳಿದರು ಅಷ್ಟೇ. ಕಂಪನಿಯ ಮಾತು ಕೇಳದೆ ನಿಷೇಧಿಸಿದ್ದು ಸಹಜ ನ್ಯಾಯಕ್ಕೆ ವಿರುದ್ಧ, ಪರೀಕ್ಷೆ ನಡೆಸಿದ ಲ್ಯಾಬುಗಳಿಗೆ ಕಾಯ್ದೆ ಬಯಸುವ ಮಾನ್ಯತೆ ಇರಲಿಲ್ಲ ಎಂದಿತು. ಒಂದೊಂದು ಬಗೆಯ ಐದು ಸ್ಯಾಂಪಲುಗಳನ್ನು ಮೂರು ಮಾನ್ಯ ಲ್ಯಾಬುಗಳಲ್ಲಿ ಮತ್ತೆ ಪರೀಕ್ಷಿಸಲು ಹೇಳಿತು. ಅಲ್ಲಿ ಸೀಸ ಮಿತಿಯೊಳಗೆ ಬಂತು, ನವೆಂಬರಿನಲ್ಲಿ ಮಾಲು ಅಂಗಡಿಗೆ ವಾಪಸಾಯಿತು. ಯಾರು, ಎಲ್ಲಿ, ಹೇಗೆ ಅಳೆದು ಆ ಪದವನ್ನು ಬರೆದರು ಎಂಬುದು ಪದದಷ್ಟೇ ಮುಖ್ಯ ಎಂದಾಯಿತು.

ಇನ್ನು ಗುಟ್ಖಾ. 2012ರ ಜುಲೈಯಲ್ಲಿ ಮಹಾರಾಷ್ಟ್ರ ಗುಟ್ಖಾ ನಿಷೇಧಿಸಿದಾಗ ಕೈಗೆ ಸಿಕ್ಕ ಆಯುಧವೂ ಇದೇ ಗುಣವಾಚಕ. 2011ರ ಆಹಾರ ನಿಯಮಗಳಲ್ಲಿ 2.3.4 ಎಂಬುದರ ತಲೆಬರಹದಲ್ಲೇ ‘ಇಂಜೂರಿಯಸ್ ಟು ಹೆಲ್ತ್’ ಇದೆ, ಅದರ ಅಡಿಯಲ್ಲಿ ತಂಬಾಕು, ನಿಕೋಟಿನ್‌ಗಳನ್ನು ಯಾವ ಆಹಾರದಲ್ಲೂ ಬಳಸಬಾರದು ಎಂದಿದೆ. ಗುಟ್ಖಾ ಆಹಾರವೆಂದು ಒಪ್ಪಿಕೊಂಡರೆ ತಂಬಾಕು ಅದರಲ್ಲಿ ಇರುವಂತಿಲ್ಲ. 30ನೇ ಸೆಕ್ಷನ್ನಿನಲ್ಲಿ ನಿಷೇಧದ ಆಯುಸ್ಸು ಒಂದು ವರ್ಷ ಮಾತ್ರ, ಆದ್ದರಿಂದ ವರ್ಷಾ ವರ್ಷ ಹೊಸ ಆದೇಶ. ಗೋವೆ ಇನ್ನೂ ಮುಂಚೆಯೇ, 2005ರಲ್ಲಿ, ತನ್ನ ಸಾರ್ವಜನಿಕ ಆರೋಗ್ಯ ಕಾಯ್ದೆಗೆ ತಿದ್ದುಪಡಿ ಮಾಡಿ ಈ ಕೆಲಸ ಮುಗಿಸಿತ್ತು.

ತಂಬಾಕಿಲ್ಲದ ಪಾನ್ ಮಸಾಲಾ ಮತ್ತು ಸುಪಾರಿಯ ಪ್ಯಾಕೆಟ್ಟಿಗೆ ಬಂದರೆ ಮದ್ಯದ ಬಾಟಲಿಯ ವಿಚಿತ್ರ ಮತ್ತೆ ಎದುರಾಗುತ್ತದೆ. ಅವುಗಳ ಮೇಲೆ ‘ಇದನ್ನು ಜಗಿಯುವುದು ಇಂಜೂರಿಯಸ್ ಟು ಹೆಲ್ತ್’ ಎಂದು ಬರೆಯಲೇಬೇಕು. ಶಿರಸಿ, ಪುತ್ತೂರು, ತೀರ್ಥಹಳ್ಳಿಯ ಅಡಿಕೆ ಬೆಳೆಗಾರರು ವರ್ಷಗಳಿಂದ ಕಾದಾಡುತ್ತಿರುವುದು ಈ ಒಂದು ಪದದ ವಿರುದ್ಧ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಮೊದಲ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಆ ಗುಂಪು ಹೇಳುವುದು ಹಜಾರ್ಡನ್ನು: ಕೇಡು ಮಾಡಬಲ್ಲದು ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ ಎಂದು. ಎಷ್ಟು ತಿಂದರೆ ಎಷ್ಟು ಕೇಡು ಎಂದು ಗುಂಪು ಹೇಳುವುದಿಲ್ಲ. ಬೆಳೆಗಾರರ ವಾದ ದಿನಕ್ಕೊಂದು ಕವಳದ ರಿಸ್ಕಿನ ಬಗ್ಗೆ, ವೈದ್ಯರ ವಾದ ಹಜಾರ್ಡಿನ ಬಗ್ಗೆ. ಇಬ್ಬರೂ ‘ಹಾನಿಕರ’ ಎಂಬ ಒಂದೇ ಪದ ಹಿಡಿದು ಎಳೆದಾಡಿದರೆ ಚರ್ಚೆ ಮುಗಿಯುವುದಾದರೂ ಹೇಗೆ? ನನ್ನ ಮಟ್ಟಿಗೆ ವೈದ್ಯರ ಪುರಾವೆ ಭಾರವಾಗಿಯೇ ಇದೆ, ಬಾಯಿ ತೆರೆಯಲಾಗದ ರೋಗಿಗಳು ಮುಂಬಯಿಯ ಟಾಟಾ ಕ್ಯಾನ್ಸರ್ ಆಸ್ಪತ್ರೆಯ ಸಾಲಿನಲ್ಲಿ ನಿಂತಿರುವುದು ಸುಳ್ಳಲ್ಲ. ಸಿಗರೇಟಿನ ಪ್ಯಾಕಿನಲ್ಲಿ ಮಾತ್ರ ಈ ಪದವನ್ನೇ ಕೈಬಿಟ್ಟರು. 1975ರ ಕಾಯ್ದೆಯಿಂದ ಬಂದ ಸವಕಲು ಸಾಲಿನ ಬದಲು ಈಗ ಪ್ಯಾಕಿನ ಶೇ. 85 ಭಾಗದಲ್ಲಿ ಚಿತ್ರ, ಜೊತೆಗೆ ‘ಯಾತನೆಯ ಸಾವು’ ಎಂಬಂಥ ನೇರ ಮಾತು. ಎಲ್ಲ ಕಡೆ ಕಂಡು ಕಂಡು ಇಂಜೂರಿಯಸ್ ಯಾರನ್ನೂ ಹೆದರಿಸದ ಪದವಾಗಿತ್ತು.

ಪೊಲೀಸರು ಬಳಸುವ ಪದ ಇನ್ನೊಂದು, ‘ನಾಕ್ಷಿಯಸ್’. ಹಳೆಯ ದಂಡಸಂಹಿತೆಯ 272, 273ರಲ್ಲಿ, ಈಗಿನ ನ್ಯಾಯ ಸಂಹಿತೆಯ 274, 275ರಲ್ಲಿ ಅದು ಇದೆ. ಅರ್ಥದಲ್ಲಿ ಇಂಜೂರಿಯಸ್‌ನ ಅಣ್ಣ ಎನ್ನಬಹುದು: ತಿನ್ನಲಾಗದಷ್ಟು ಕೆಟ್ಟದ್ದು. ಒಂದೇ ಮಾಲಿನ ಮೇಲೆ ಎರಡೂ ಕಾಯ್ದೆ ಹಚ್ಚುವ ರೂಢಿಗೆ 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ರಾಮನಾಥ್ ಪ್ರಕರಣದಲ್ಲಿ ತಡೆ ಹಾಕಿತು. 59ನೇ ಸೆಕ್ಷನ್ ಹೊಂದುವಲ್ಲಿ ಆಹಾರ ಕಾಯ್ದೆಯೇ ಮೇಲು, 272, 273 ಅಲ್ಲಿ ನಡೆಯವು.

ಹೋಟೆಲಿನ ಮಟ್ಟಿಗೆ ಇಷ್ಟೆಲ್ಲ ಇತ್ಯರ್ಥವಾಗುವುದು ಸ್ಯಾಂಪಲ್ ತೆಗೆಯುವ ಆ ಅರ್ಧ ಗಂಟೆಯಲ್ಲಿ. ಅಧಿಕಾರಿ ಫಾರ್ಮ್ 5ಎ ನೋಟಿಸು ಕೊಟ್ಟು, ಮಾಲಿಗೆ ಬೆಲೆ ಕೊಟ್ಟು, ಸಾಕ್ಷಿಗಳ ಮುಂದೆ ಸ್ಯಾಂಪಲನ್ನು ನಾಲ್ಕು ಪಾಲು ಮಾಡಿ ಸೀಲು ಹಾಕಬೇಕು. ಒಂದು ಪಾಲು ಫುಡ್ ಅನಲಿಸ್ಟಿಗೆ, ಎರಡು ಪಾಲು ಡೆಸಿಗ್ನೇಟೆಡ್ ಆಫೀಸರ್, ಅಂದರೆ ಆ ಅಧಿಕಾರಿಯ ಮೇಲಧಿಕಾರಿಯ ವಶಕ್ಕೆ. ನಾಲ್ಕನೇ ಪಾಲು ಮಾಲಿಕರು ಕೇಳಿದರೆ, ಅವರ ಖರ್ಚಿನಲ್ಲಿ, ಬೇರೊಂದು ಮಾನ್ಯ ಲ್ಯಾಬಿಗೆ. ಹೆಚ್ಚಿನವರು ಕೇಳುವುದೇ ಇಲ್ಲ. ಗಲ್ಲಾದಲ್ಲಿ ಕೂತ ಮ್ಯಾನೇಜರು ಮರಾಠಿ ಪಂಚನಾಮೆಗೆ ಓದದೆ ಸಹಿ ಹಾಕಿ, ಚಾ ಕುಡಿಸಿ ಕಳಿಸಿಬಿಡುತ್ತಾರೆ. ಎರಡು ಲ್ಯಾಬುಗಳ ವರದಿ ಬೇರೆಬೇರೆ ಬಂದರೆ ಉಳಿದ ಪಾಲು ರೆಫರಲ್ ಲ್ಯಾಬಿಗೆ ಹೋಗುತ್ತದೆ, ಅದರ ಮಾತೇ ಕೊನೆ. ನಾಲ್ಕನೇ ಪಾಲು ಹೋಗಿಲ್ಲದಿದ್ದರೆ ಈ ದಾರಿ ಮುಚ್ಚಿತು. ಪನೀರು ತಂದ ಬಿಲ್ಲು ಕೂಡ ಅದೇ ಹೊತ್ತಿಗೆ ಕೈಯಲ್ಲಿರಬೇಕು. ಸಪ್ಲೈಯರಿನ ಬಿಲ್ಲು ಕಾನೂನಿನಲ್ಲಿ ಗುಣಮಟ್ಟದ ಗ್ಯಾರಂಟಿ ಪತ್ರಕ್ಕೆ ಸಮ, 80ನೇ ಸೆಕ್ಷನ್ನಿನ ‘ಮುತುವರ್ಜಿ ವಹಿಸಿದ್ದೆವು’ ಎಂಬ ಸಮರ್ಥನೆಗೆ ಅದೇ ಆಧಾರ. ಬಿಲ್ಲಿಲ್ಲದೆ ಕಿಲೋಗೆ ಐವತ್ತು ರೂಪಾಯಿ ಉಳಿಸಿದವರು ಆ ಆಧಾರವನ್ನೇ ಮಾರಿಕೊಂಡಿರುತ್ತಾರೆ.

ಅನಲಿಸ್ಟ್ 14 ದಿನದೊಳಗೆ ಫಾರ್ಮ್ 7ಎಯಲ್ಲಿ ವರದಿ ಕೊಡಬೇಕು. ಅದು ಕೈಗೆ ಬಂದಾಗ ಮೊದಲು ಓದಬೇಕಾದದ್ದು ಅಂಕಿಗಳನ್ನಲ್ಲ, ಕೊನೆಯ ಅಭಿಪ್ರಾಯದ ಸಾಲನ್ನು: ‘ಝಡ್‌ಎಕ್ಸ್’ ಇದೆಯೋ ‘ಝಡ್‌ಝಡ್’ ಇದೆಯೋ. ಎರಡನೆಯದಿದ್ದರೆ ಯಾವ ಉಪವಾಕ್ಯ, ಆ ದಾರಿಯಿಂದ ಆರೋಗ್ಯಕ್ಕೆ ಕೇಡು ಹೇಗೆ ಎಂಬ ಕಾರಣ ಬರೆದಿದ್ದಾರೆಯೇ, ಲ್ಯಾಬಿಗೆ ಮಾನ್ಯತೆ ಇದೆಯೇ ಎಂದು ನೋಡಬೇಕು. ಕಾರಣವಿಲ್ಲದೆ ಪದ ಮಾತ್ರ ಇದ್ದರೆ ಫಾರ್ಮ್ 8ರಲ್ಲಿ ಡೆಸಿಗ್ನೇಟೆಡ್ ಆಫೀಸರಿಗೆ ಮೇಲ್ಮನವಿ ಕೊಡಬಹುದು, ವರದಿಯ ಪ್ರತಿ ಸಿಕ್ಕ 30 ದಿನದೊಳಗೆ. ವರದಿ ಬರುವುದು ಅಂಚೆಯಲ್ಲಿ, ಮಧ್ಯಾಹ್ನದ ಊಟದ ಗದ್ದಲದಲ್ಲಿ. ಮಾಣಿಯೊಬ್ಬ ಸಹಿ ಹಾಕಿ ತೆಗೆದುಕೊಂಡು ಗಲ್ಲಾದ ಕೆಳಗಿನ ಖಾನೆಗೆ ಸೇರಿಸಿರುತ್ತಾನೆ. ದಿನದ ಎಣಿಕೆ ಆ ಸಹಿಯಿಂದಲೇ ಶುರು.